ಸ್ಟಾಕ್ ಎಂಜಿನ್‌ಗೆ ಮನೆಯಲ್ಲೇ ಟರ್ಬೊ: ಎಷ್ಟು ಬೂಸ್ಟ್ ಇಡಬಹುದು?

ಪ್ರಶ್ನೆ: ನನ್ನ ಹತ್ತಿರ 2003ರ ಮಾರುತಿ ಎಸ್ಟೀಮ್ ಇದೆ. 1.3 ಲೀಟರ್, 16 ವಾಲ್ವ್, ಎಂಪಿಎಫ್‌ಐ. ಎಂಜಿನ್ ಒಳಗೆ ಏನೂ ಮುಟ್ಟಿಲ್ಲ. ಗುಜರಿಯಲ್ಲಿ 1.3 ಡೀಸೆಲ್ ಕಾರಿನ ಟರ್ಬೊ ಸಿಕ್ಕಿತು. ಮ್ಯಾನಿಫೋಲ್ಡ್ ನಾನೇ ವೆಲ್ಡ್ ಮಾಡಿದ್ದೇನೆ, ಇಂಟರ್‌ಕೂಲರ್ ಕೂತಿದೆ. ಸ್ಪೀಡುಯಿನೊ ಇಸಿಯು (ಪೆಟ್ರೋಲ್, ಕಿಡಿ ಎರಡನ್ನೂ ನಾವೇ ಹೊಂದಿಸಬಹುದಾದ ಎಂಜಿನ್ ಕಂಪ್ಯೂಟರ್) ಹಾಕಿ, ಟರ್ಬೊ ಜೋಡಿಸದೆ ಗಾಡಿಯನ್ನು ಚೆನ್ನಾಗಿ ಓಡಿಸಿದ್ದೇನೆ. ನಾಕ್ ಸೆನ್ಸರ್ ಇಲ್ಲ. ಈಗ ಬೂಸ್ಟ್, ಅಂದ್ರೆ ಟರ್ಬೊ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ, ಎಷ್ಟಿಡಬೇಕು ಅನ್ನೋದೇ ತಲೆನೋವು. ಒಬ್ಬ ಮೆಕ್ಯಾನಿಕ್ 5 ಪಿಎಸ್‌ಐ ದಾಟಬೇಡಿ ಅಂತಾರೆ. ಇನ್ನೊಬ್ಬರು 12 ಆರಾಮಾಗಿ ತಡೆಯುತ್ತೆ ಅಂತಾರೆ. ಡ್ರ್ಯಾಗ್ ರೇಸ್ ಹುಚ್ಚಿನ ಗೆಳೆಯ ಎರಡು ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಪಟ್ಟಿ) ಹಾಕಿ 15 ಹೊಡಿ ಅಂತಾನೆ. ನಾನಿರುವುದು ಹಾಸನದಲ್ಲಿ. ತಿಂಗಳಿಗೊಮ್ಮೆ ಶಿರಾಡಿ ಇಳಿದು ಮಂಗಳೂರಿಗೆ ಹೋಗಿ ಬರುತ್ತೇನೆ, ಮನೆಯವರೂ ಜೊತೆಗಿರುತ್ತಾರೆ. ಸೇಫ್ ಬೂಸ್ಟ್ ಎಷ್ಟು? ಬಡಿದು ಗಟ್ಟಿ ಮಾಡಿದ ಫೋರ್ಜ್ಡ್ ಪಿಸ್ಟನ್ ಬೇಕೇ ಬೇಕಾ?

ಉತ್ತರ: ಮೊದಲು ನಂಬರ್ ಹೇಳಿಬಿಡುತ್ತೇನೆ, ನೀವು ಕೇಳಿದ್ದು ಅದನ್ನೇ ಅಲ್ವಾ. ನೀವು ಬರೆದಿರುವ ಗಾಡಿಗೆ, ಎಂಜಿನ್ ಬಿಚ್ಚದೆ, ನಾನಾದರೆ 0.35ರಿಂದ 0.4 ಬಾರ್ ಇಡುತ್ತೇನೆ. ಅಂದರೆ 5ರಿಂದ 6 ಪಿಎಸ್‌ಐ. ಎಲ್ಲ ಸರಿಯಾಗಿ ಕೂತು, ಇಸಿಯು ಬರೆದಿಡುವ ಲಾಗ್‌ನಲ್ಲಿ ಎಲ್ಲೂ ಅನುಮಾನ ಬರದಿದ್ದರೆ 0.5 ಬಾರ್‌ವರೆಗೆ ಹೋಗಬಹುದು. ಅದರ ಮೇಲೆ ಸ್ಟಾಕ್ ಪಿಸ್ಟನ್ ಇಟ್ಟುಕೊಂಡು ಮನೆಯವರನ್ನು ಕೂರಿಸಿಕೊಂಡು ಘಾಟಿ ಹತ್ತಿ ಅಂತ ನಾನು ಹೇಳಲಾರೆ.

ಆದರೆ ನಂಬರ್ ಓದಿ ಇಲ್ಲಿಗೇ ನಿಲ್ಲಿಸಬೇಡಿ. ನೀವು ತಂದಿರುವ ಟರ್ಬೊ ಈಗಿರುವ ಸ್ಥಿತಿಯಲ್ಲಿ 6 ಪಿಎಸ್‌ಐಗೆ ನಿಲ್ಲುವುದೇ ಕಷ್ಟ. ನಿಮ್ಮ ಪ್ರಶ್ನೆಗಿಂತ ಅದು ದೊಡ್ಡ ಸಮಸ್ಯೆ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಇಬ್ಬರು ಮೆಕ್ಯಾನಿಕ್‌ಗಳಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ ಅನ್ನಿಸುತ್ತದೆ. 12 ಪಿಎಸ್‌ಐಯಲ್ಲಿ ವರ್ಷಗಟ್ಟಲೆ ಓಡಿದ ಗಾಡಿ ಅವರು ನೋಡಿರಬಹುದು. 5 ಪಿಎಸ್‌ಐಯಲ್ಲೇ ಪಿಸ್ಟನ್ ಒಡೆದ ಗಾಡಿ ಇವರು ನೋಡಿರಬಹುದು. ಎರಡೂ ಆಗುತ್ತದೆ. ಯಾಕಂದ್ರೆ ಎಂಜಿನ್ ಒಡೆಯುವುದು ಬೂಸ್ಟ್ ಗೇಜ್ ತೋರಿಸುವ ನಂಬರ್‌ನಿಂದ ಅಲ್ಲ. ನಿಮ್ಮ ಪೆಟ್ರೋಲ್, ಒಳಗೆ ಹೋಗುವ ಗಾಳಿಯ ಕಾವು, ಇಂಜೆಕ್ಟರ್ ಸುರಿಯುವ ಪ್ರಮಾಣ, ಕಿಡಿ ಬೀಳುವ ಹೊತ್ತು, ಈ ನಾಲ್ಕೂ ಸೇರಿ ನಾಕಿಂಗ್ ಆಗುತ್ತದೋ ಇಲ್ಲವೋ ಅಂತ ತೀರ್ಮಾನಿಸುತ್ತವೆ. ಸ್ಟಾಕ್ ಎಂಜಿನ್‌ಗೆ ಮೊದಲ ಶತ್ರು ನಾಕಿಂಗ್.

ಒಳಗೆ ಆಗುವುದೇನು

ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಪ್ಲಗ್ ಹತ್ತಿರದಿಂದ ಸಿಲಿಂಡರ್ ಗೋಡೆಯ ಕಡೆಗೆ ಹರಡಿಕೊಂಡು ಹೋಗಬೇಕು. ಅದು ತಲುಪುವಷ್ಟರಲ್ಲಿ, ಅಂಚಿನಲ್ಲಿ ಉಳಿದ ಮಿಶ್ರಣ ಒತ್ತಡಕ್ಕೂ ಕಾವಿಗೂ ಸಿಕ್ಕಿ ತಾನಾಗಿಯೇ ಸಿಡಿದರೆ ಅದು ನಾಕಿಂಗ್. ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂಥ ಸದ್ದು ಬರುತ್ತದೆ. ಟರ್ಬೊ ಗಾಡಿಯಲ್ಲಿ ಸೈಲೆನ್ಸರ್ ಸದ್ದಿಗೆ, ಗಾಳಿಯ ಶಿಳ್ಳೆಗೆ ಅದು ಎಷ್ಟೋ ಸಲ ಕೇಳಿಸುವುದೇ ಇಲ್ಲ. ಕೇಳಿಸಿದಾಗ ತಡವಾಗಿರುತ್ತದೆ.

ನಾಕಿಂಗ್‌ನಿಂದ ಹೋದ ಎಂಜಿನ್ ಬಿಚ್ಚಿದರೆ ಮೊದಲು ನಾನು ನೋಡುವುದು ಪಿಸ್ಟನ್‌ನ ಮೇಲಿನ ಎರಡು ರಿಂಗ್‌ಗಳ ನಡುವಿನ ಪಟ್ಟಿಯನ್ನು. ಗ್ಯಾರೇಜ್‌ನಲ್ಲಿ ಅದಕ್ಕೆ ರಿಂಗ್ ಲ್ಯಾಂಡ್ ಅಂತಾರೆ. ಅಲ್ಲಿ ಬೆರಳುಗುರು ಅಗಲದ ಒಂದು ತುಂಡು ಕಿತ್ತು ಹೋಗಿರುತ್ತದೆ. ಪಿಸ್ಟನ್ ತಲೆ ನೋಡಿದರೆ ಮಧ್ಯದಲ್ಲಿ ಕರಿ ಹಾಗೇ ಇರುತ್ತದೆ, ಅಂಚಿನಲ್ಲಿ ಮಾತ್ರ ಕರಿ ಎದ್ದುಹೋಗಿ ಅಲ್ಯೂಮಿನಿಯಂ ಬೋಳಾಗಿ, ಉಗುರು ಆಡಿಸಿದರೆ ತರಿತರಿ ಹತ್ತುತ್ತದೆ. ಇಷ್ಟಾಗುವ ಮೊದಲೇ ಸ್ಪಾರ್ಕ್ ಪ್ಲಗ್ ಸುಳಿವು ಕೊಟ್ಟಿರುತ್ತದೆ. ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಸೂಜಿಮೊನೆಯಷ್ಟು ಸಣ್ಣ, ಬೆಳ್ಳಿ ಬಣ್ಣದ ಚುಕ್ಕಿಗಳು. ಅವು ನಿಮ್ಮ ಪಿಸ್ಟನ್‌ನಿಂದ ಕರಗಿ ಬಂದ ಅಲ್ಯೂಮಿನಿಯಂ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸ್ ಒಂದು ಕೊಂಡಿಟ್ಟುಕೊಳ್ಳಿ. ನಾಕ್ ಸೆನ್ಸರ್ ಇಲ್ಲದವರಿಗೆ ಅದೇ ಕಣ್ಣು.

ಈಗ ಕಾವಿನ ಲೆಕ್ಕ ನೋಡೋಣ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಹೊರಗೆ 30 ಡಿಗ್ರಿ ಇದ್ದಾಗ, ಕಂಪ್ರೆಸರ್ 65 ಪರ್ಸೆಂಟ್ ದಕ್ಷತೆಯಲ್ಲಿ ಕೆಲಸ ಮಾಡುತ್ತಿದ್ದರೆ, ನಿಮ್ಮ ಹಾಸನದಲ್ಲಿ 0.4 ಬಾರ್‌ಗೆ ಗಾಳಿ ಸುಮಾರು 80 ಡಿಗ್ರಿಗೆ ಹೋಗುತ್ತದೆ. 12 ಪಿಎಸ್‌ಐಗೆ ಸುಮಾರು 125 ಡಿಗ್ರಿ. ಇಂಟರ್‌ಕೂಲರ್ ಆ ಏರಿಕೆಯ 70 ಪರ್ಸೆಂಟ್ ಇಳಿಸಿದರೂ ಮೊದಲನೆಯದು 45ಕ್ಕೆ, ಎರಡನೆಯದು 58ಕ್ಕೆ ಬಂದು ನಿಲ್ಲುತ್ತದೆ. ಸಣ್ಣ ಟರ್ಬೊವನ್ನು ಅದರ ಅಳತೆ ಮೀರಿ ಓಡಿಸಿದರೆ ಆ 65 ಪರ್ಸೆಂಟ್ 55ಕ್ಕೆ ಬಿದ್ದು, 12 ಪಿಎಸ್‌ಐಗೆ 140 ಡಿಗ್ರಿ ಬರುತ್ತದೆ. ಹಾಗಾಗಿ ಒಂದೇ 12 ಪಿಎಸ್‌ಐ ಸರಿಯಾದ ಅಳತೆಯ ಟರ್ಬೊದಲ್ಲಿ ಒಂದು ಥರ, ಚಿಕ್ಕ ಟರ್ಬೊದಲ್ಲಿ ಇನ್ನೊಂದು ಥರ. ಪಿಎಸ್‌ಐ ಒಂದನ್ನೇ ಹಿಡಿದು ಎರಡು ಗಾಡಿ ಹೋಲಿಸೋದು ವ್ಯರ್ಥ.

ನಿಮ್ಮ ಎಂಜಿನ್‌ನ ಕಂಪ್ರೆಷನ್, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಹಿಂಡುತ್ತದೆ ಅನ್ನುವುದು, 9.5ಕ್ಕೆ 1. ಟರ್ಬೊ ಇಲ್ಲದ ಗಾಡಿಗೆ ಅಂತ ಮಾಡಿದ್ದು. ಹೊಸ ಟರ್ಬೊ ಕಾರುಗಳಲ್ಲಿ 10.5 ಇರುತ್ತದಲ್ಲ, ಅವಕ್ಕೇನೂ ಆಗಲ್ಲವಲ್ಲ ಅಂತ ಗೆಳೆಯ ಕೇಳಬಹುದು. ಫೋಕ್ಸ್‌ವ್ಯಾಗನ್‌ನ 1.0 ಟಿಎಸ್‌ಐ ತಗೊಳ್ಳಿ, ಒಂದೇ ಲೀಟರ್‌ನಲ್ಲಿ 115 ಪಿಎಸ್, 178 ನ್ಯೂಟನ್ ಮೀಟರ್ ಕೊಡುತ್ತದೆ. ಆದರೆ ಅಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಚಿಮ್ಮುತ್ತದೆ. ಅದು ಆವಿಯಾಗುವಾಗ ಒಳಗಿನ ಗಾಳಿಯನ್ನೇ ತಣ್ಣಗಾಗಿಸುತ್ತದೆ. ಜೊತೆಗೆ ನಾಕ್ ಸೆನ್ಸರ್ ಪ್ರತಿ ಸಲದ ಉರಿತವನ್ನೂ ಆಲಿಸಿ, ಬೇಕಾದ ಸಿಲಿಂಡರ್‌ನ ಟೈಮಿಂಗ್ (ಕಿಡಿ ಬೀಳುವ ಹೊತ್ತು) ಹಿಂದಕ್ಕೆ ಎಳೆಯುತ್ತದೆ. ಪಿಸ್ಟನ್, ರಿಂಗ್, ಕೂಲಿಂಗ್ ಎಲ್ಲ ಅದಕ್ಕೆಂದೇ ಮಾಡಿದ್ದು. ನಮ್ಮ ಎಸ್ಟೀಮ್‌ನಲ್ಲಿ ಇದ್ಯಾವುದೂ ಇಲ್ಲ.

ಮಂಗಳೂರಿಗೆ ಇಳಿದರೆ ಬೂಸ್ಟ್ ಬದಲಾಗುತ್ತದೆ

ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಶಿರಾಡಿ. ಹೆಚ್ಚಿನವರು ಇದನ್ನು ಯೋಚಿಸುವುದಿಲ್ಲ.

ಹಾಸನ ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಅಲ್ಲಿ ಸುತ್ತಲಿನ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್. ಮಂಗಳೂರಲ್ಲಿ 101. ಬೂಸ್ಟ್ ಮಿತಿ ಮುಟ್ಟಿದಾಗ ಎಗ್ಸಾಸ್ಟ್ ಅನ್ನು ಟರ್ಬೈನ್ ಪಕ್ಕದಿಂದ ಬಿಡುವ ಬಾಗಿಲು ವೇಸ್ಟ್‌ಗೇಟ್. ಅದನ್ನು ತೆರೆಯುವ ಆಕ್ಚುಯೇಟರ್‌ಗೆ ಗೊತ್ತಿರುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅನ್ನುವುದು ಮಾತ್ರ. ಹಾಸನದಲ್ಲಿ 0.4 ಬಾರ್ ಅಂದರೆ ಎಂಜಿನ್‌ಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ 131 ಕಿಲೋಪಾಸ್ಕಲ್. ಅದೇ ಸ್ಪ್ರಿಂಗ್, ಅದೇ 0.4 ಬಾರ್, ಮಂಗಳೂರಲ್ಲಿ 141. ಗೇಜ್ ಮುಳ್ಳು ಎರಡೂ ಕಡೆ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಸಿಲಿಂಡರ್‌ಗೆ ಹೋಗುವ ಗಾಳಿ ಮಾತ್ರ ಕೆಳಗೆ 7 ಪರ್ಸೆಂಟ್‌ನಷ್ಟು ಜಾಸ್ತಿ. ಹಾಸನದಲ್ಲಿ ಅಂಚಿನವರೆಗೆ ಟ್ಯೂನ್ ಮಾಡಿದ ಗಾಡಿ ಬಂಟ್ವಾಳ ದಾಟುವಷ್ಟರಲ್ಲಿ ಅಂಚಿನ ಆಚೆ ಇರುತ್ತದೆ. ಕರಾವಳಿಯ ಸೆಕೆಯಲ್ಲಿ ಇಂಟರ್‌ಕೂಲರ್‌ಗೂ ಕೆಲಸ ಜಾಸ್ತಿ.

ಅದಕ್ಕೇ ಟ್ಯೂನ್ ಮಾಡುವಾಗ ಗೇಜ್‌ನ ಪಿಎಸ್‌ಐ ಮರೆತುಬಿಡಿ. ಸ್ಪೀಡುಯಿನೊ ತೋರಿಸುವ ಎಂಎಪಿ, ಅಂದರೆ ಮ್ಯಾನಿಫೋಲ್ಡ್ ಒಳಗಿನ ಪೂರ್ತಿ ಒತ್ತಡ, ಕಿಲೋಪಾಸ್ಕಲ್‌ನಲ್ಲಿ ನೋಡಿ. ಆ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಬರುವ ಎಂಪಿಎಕ್ಸ್ 4250 ಸೆನ್ಸರ್ 250 ಕಿಲೋಪಾಸ್ಕಲ್‌ವರೆಗೆ ಓದುತ್ತದೆ, ಸಾಕಾಗುತ್ತದೆ. ಪೆಟ್ರೋಲ್ ಮತ್ತು ಟೈಮಿಂಗ್ ಟೇಬಲ್ ಎರಡನ್ನೂ 160ರವರೆಗೆ ಎಚ್ಚರಿಕೆಯಿಂದ ತುಂಬಿಸಿ. 150 ದಾಟಿದರೆ ಎಂಜಿನ್ ಕಟ್ ಆಗುವಂತೆ ಬೂಸ್ಟ್ ಲಿಮಿಟ್ ಹಾಕಿ. ವೇಸ್ಟ್‌ಗೇಟ್ ಪೈಪ್ ಕಿತ್ತು ಬಂದ ದಿನ ನಿಮ್ಮ ಪಿಸ್ಟನ್ ಉಳಿಸುವುದು ಆ ಒಂದು ಸಾಲು. ಮುಂದೆ 0.5 ಬಾರ್‌ಗೆ ಹೋಗುವುದಾದರೆ ಮೊದಲು ಟೇಬಲ್, ಆಮೇಲೆ ಈ ಲಿಮಿಟ್, ಕೊನೆಗೆ ಬೂಸ್ಟ್.

ಇನ್ನು ವಾಪಸ್ ಬರುವಾಗಿನ ಹತ್ತುವ ದಾರಿ. ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ ಒಂದು ಪುಲ್, ಅಂದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದ ಒಂದು ಓಟ, ಹತ್ತು ಸೆಕೆಂಡ್‌ನಲ್ಲಿ ಮುಗಿಯುತ್ತದೆ. ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಹದಿನೈದು ಸೆಕೆಂಡ್. ಗುಂಡ್ಯದಿಂದ ಮಾರನಹಳ್ಳಿವರೆಗೆ ನಾಲ್ಕು ಜನ, ಲಗೇಜು, ಏಸಿ ಸಮೇತ ಹತ್ತುವಾಗ ಟರ್ಬೊ ನಿಮಿಷಗಟ್ಟಲೆ ಬೂಸ್ಟ್‌ನಲ್ಲೇ ಇರುತ್ತದೆ. ಮುಂದೆ ಲಾರಿ, ವೇಗ ಇಲ್ಲ, ಹಾಗಾಗಿ ಇಂಟರ್‌ಕೂಲರ್‌ಗೆ ಗಾಳಿಯೂ ಇಲ್ಲ. ನಿಮ್ಮ ಗೆಳೆಯನ ಗಾಡಿ 15 ಪಿಎಸ್‌ಐಯಲ್ಲಿ ಉಳಿದಿದ್ದರೆ, ಅದು ಹದಿನೈದು ಸೆಕೆಂಡ್ ಓಡಿ ಆಮೇಲೆ ತಣ್ಣಗಾಗುವ ಗಾಡಿ. ನಿಮ್ಮದರ ಜೀವನ ಬೇರೆ. ಘಾಟಿಯಲ್ಲಿ ಟಾಪ್ ಗೇರ್‌ನಲ್ಲಿ 2,200 ಆರ್‌ಪಿಎಂ ಇಟ್ಟುಕೊಂಡು ಆಕ್ಸಿಲರೇಟರ್ ಪೂರ್ತಿ ಒತ್ತುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಕಡಿಮೆ ಆರ್‌ಪಿಎಂನಲ್ಲಿ ಫುಲ್ ಬೂಸ್ಟ್ ಬಿದ್ದಾಗ ನಾಕಿಂಗ್‌ಗೂ ಜಾಸ್ತಿ ಹೊತ್ತು ಸಿಗುತ್ತದೆ, ಕನೆಕ್ಟಿಂಗ್ ರಾಡ್ ಮೇಲೂ ಜಾಸ್ತಿ ಭಾರ ಬೀಳುತ್ತದೆ. ಒಂದು ಗೇರ್ ಇಳಿಸಿ.

ಆ ಡೀಸೆಲ್ ಟರ್ಬೊ

ವೇಸ್ಟ್‌ಗೇಟ್ ಇರುವ ಯಾವ ಟರ್ಬೊದಲ್ಲೂ ಆಕ್ಚುಯೇಟರ್ ಸ್ಪ್ರಿಂಗ್ ಎಷ್ಟಕ್ಕೆ ತೆರೆಯುತ್ತದೋ ಅದೇ ನೀವು ಇಡಬಹುದಾದ ಕನಿಷ್ಠ ಬೂಸ್ಟ್. ಬೂಸ್ಟ್ ಕಂಟ್ರೋಲರ್ ಅದನ್ನು ಏರಿಸಬಹುದು, ಇಳಿಸಲಾರದು. ಡೀಸೆಲ್ ಎಂಜಿನ್‌ಗಳು ಸಾಮಾನ್ಯವಾಗಿ 1 ಬಾರ್ ಮತ್ತು ಅದಕ್ಕೂ ಮೇಲೆ ಓಡುತ್ತವೆ, ಸ್ಪ್ರಿಂಗ್ ಅದಕ್ಕೆ ತಕ್ಕಂತೆ ಗಟ್ಟಿ ಇರುತ್ತದೆ. ಅಂದರೆ ನೀವು ಅದನ್ನು ಸುಮ್ನೆ ಜೋಡಿಸಿ ಓಡಿಸಿದರೆ ಸಿಗುವುದು ನಿಮ್ಮ ಗೆಳೆಯ ಹೇಳಿದ 15 ಪಿಎಸ್‌ಐ, ಮೊದಲ ದಿನವೇ.

ಇದನ್ನು ಗಾಡಿಗೆ ಹಾಕುವ ಮೊದಲು ಮೇಜಿನ ಮೇಲೇ ನೋಡಬಹುದು. ಆಕ್ಚುಯೇಟರ್‌ನ ನಿಪ್ಪಲ್‌ಗೆ ರೆಗ್ಯುಲೇಟರ್ ಮತ್ತು ಸಣ್ಣ ಗೇಜ್ ಇರುವ ಗಾಳಿ ಪೈಪ್ ಹಾಕಿ. ಕಂಪ್ರೆಸರ್‌ನ ಗಾಳಿಯನ್ನು ನೇರ ಬಿಡಬೇಡಿ, ಡಯಾಫ್ರಂ ಹರಿಯುತ್ತದೆ. ಒತ್ತಡವನ್ನು ನಿಧಾನ ಏರಿಸುತ್ತಾ ಕಡ್ಡಿಯ ಮೇಲೆ ಕಣ್ಣಿಡಿ. ಕಡ್ಡಿ ಒಂದು ಮಿಲಿಮೀಟರ್ ಸರಿಯುವಾಗ ಗೇಜ್ ಎಷ್ಟು ತೋರಿಸುತ್ತದೆ ಅಂತ ಬರೆದುಕೊಳ್ಳಿ. 5ರ ಹತ್ತಿರ ಇದ್ದರೆ ಸರಿ. 12, 14 ತೋರಿಸಿದರೆ ಆ ಆಕ್ಚುಯೇಟರ್ ತೆಗೆದು ಮೃದು ಸ್ಪ್ರಿಂಗ್‌ನದ್ದು ಹಾಕಲೇಬೇಕು. ಕಡ್ಡಿ ಉದ್ದ ಮಾಡಿ ಸ್ಪ್ರಿಂಗ್‌ನ ಬಿಗಿ ಸ್ವಲ್ಪ ತಗ್ಗಿಸಬಹುದು, ಆದರೆ ಹಾಗೆ ಇಳಿಯುವುದು ಒಂದೆರಡು ಪಿಎಸ್‌ಐ ಅಷ್ಟೇ. ಜಾಸ್ತಿ ಉದ್ದ ಮಾಡಿದರೆ ವೇಸ್ಟ್‌ಗೇಟ್ ಬಾಗಿಲು ಸರಿಯಾಗಿ ಮುಚ್ಚದೆ ಪಟಪಟ ಹೊಡೆದುಕೊಳ್ಳುತ್ತದೆ.

ಸ್ಪ್ರಿಂಗ್ ಬದಲಿಸಿದರೂ ಇನ್ನೆರಡು ತೊಂದರೆ ಇವೆ. ಡೀಸೆಲ್ ಎಂಜಿನ್ 4,000ದ ಆಸುಪಾಸಿನಲ್ಲಿ ಪವರ್ ಮುಗಿಸುತ್ತದೆ, ನಿಮ್ಮದು 6,000ಕ್ಕೆ. ಅಷ್ಟು ಎಗ್ಸಾಸ್ಟ್ ಆ ಸಣ್ಣ ಟರ್ಬೈನ್‌ನಲ್ಲಿ, ಆ ಸಣ್ಣ ವೇಸ್ಟ್‌ಗೇಟ್ ತೂತಿನಲ್ಲಿ ಹಾಯುವುದಿಲ್ಲ. ಬಾಗಿಲು ಪೂರ್ತಿ ತೆರೆದಿದ್ದರೂ ಮೇಲಿನ ಆರ್‌ಪಿಎಂನಲ್ಲಿ ಬೂಸ್ಟ್ ತಾನಾಗಿ ಏರುತ್ತಾ ಹೋಗುತ್ತದೆ. ಅದನ್ನು ಬೂಸ್ಟ್ ಕ್ರೀಪ್ ಅಂತಾರೆ. ಹೊರಗೆ ಹೋಗಲಾಗದ ಬಿಸಿ ಗ್ಯಾಸ್ ಸಿಲಿಂಡರ್‌ನಲ್ಲೇ ಉಳಿದು ಮುಂದಿನ ಉರಿತಕ್ಕೆ ನಾಕಿಂಗ್ ತರುತ್ತದೆ. ಎರಡನೆಯದು ಕಾವು. ಡೀಸೆಲ್ ಟರ್ಬೈನ್‌ಗಳನ್ನು ಸಾಮಾನ್ಯವಾಗಿ 750ರಿಂದ 850 ಡಿಗ್ರಿ ತಡೆಯುವಂತೆ ಮಾಡಿರುತ್ತಾರೆ. ಪೆಟ್ರೋಲ್ ಎಂಜಿನ್‌ನ ಎಗ್ಸಾಸ್ಟ್ ಪೂರ್ತಿ ಲೋಡ್‌ನಲ್ಲಿ 900 ದಾಟುತ್ತದೆ. ಹೌಸಿಂಗ್ ಬಿರುಕು ಬಿಡುವುದು, ವೇಸ್ಟ್‌ಗೇಟ್ ಬಾಗಿಲು ಸೊಟ್ಟಗಾಗುವುದು ಇದರಿಂದಲೇ.

ಆ ಟರ್ಬೊವನ್ನು ಮಾರಿಬಿಡಿ ಅನ್ನುವುದು ನನ್ನ ಸಲಹೆ. 1.2ರಿಂದ 1.4 ಲೀಟರ್ ಪೆಟ್ರೋಲ್ ಕಾರಿನಿಂದ ಬಂದ ಟರ್ಬೊ ಹುಡುಕಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ತಾಳ್ಮೆಯಿಂದ ಹುಡುಕಿದರೆ ಈಗ ಪೆಟ್ರೋಲ್ ಟರ್ಬೊಗಳೂ ಸಿಗಬಹುದು. ಕೊಳ್ಳುವಾಗ ಶಾಫ್ಟ್ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಆಡಿಸಿ ನೋಡಿ. ಪಕ್ಕಕ್ಕೆ ಒಂಚೂರು ಆಟ ಇರುತ್ತದೆ, ಅದು ಸಹಜ. ಹಿಂದೆ ಮುಂದೆ ಆಟ ಕೈಗೆ ಸಿಗಬಾರದು. ರೆಕ್ಕೆಗಳು ಹೌಸಿಂಗ್‌ಗೆ ಉಜ್ಜಿದ ಗುರುತು ಇದ್ದರೆ ಅಲ್ಲೇ ಬಿಟ್ಟು ಬನ್ನಿ.

ಪೆಟ್ರೋಲ್ ಸಾಕಾಗುತ್ತದಾ?

ಸ್ಟಾಕ್ ಎಸ್ಟೀಮ್ 85 ಎಚ್‌ಪಿ. ಹಾಸನದ ಎತ್ತರದಲ್ಲಿ ಅದು 76ರ ಹತ್ತಿರ ಕೊಡುತ್ತದೆ. 0.4 ಬಾರ್ ಸೇರಿಸಿದರೆ ಎಂಜಿನ್‌ನಲ್ಲಿ ಸುಮಾರು 100ರಿಂದ 105, ಮಂಗಳೂರಲ್ಲಿ ಇನ್ನೂ ಸ್ವಲ್ಪ ಮೇಲೆ. ತೂಕ ಒಂಬೈನೂರು ಕೆಜಿಯೂ ಇಲ್ಲದ ಗಾಡಿಗೆ ಇದು ಸಣ್ಣ ಬದಲಾವಣೆ ಅಲ್ಲ. ಓವರ್‌ಟೇಕ್ ಮಾಡುವಾಗ ಗಾಡಿಯೇ ಬೇರೆ ಅನ್ನಿಸುತ್ತದೆ.

ಈ ಪವರ್‌ಗೆ 20 ಪರ್ಸೆಂಟ್ ಎಥನಾಲ್ ಬೆರೆತ ನಮ್ಮ ಇ20 ಪೆಟ್ರೋಲ್‌ನಲ್ಲಿ ಪ್ರತಿ ಇಂಜೆಕ್ಟರ್ ನಿಮಿಷಕ್ಕೆ ಕನಿಷ್ಠ 210 ಸಿಸಿ ಸುರಿಯಬೇಕು. 240 ಇದ್ದರೆ ನೆಮ್ಮದಿ. ಇಂಜೆಕ್ಟರ್ ಕ್ಲೀನಿಂಗ್ ಮಷಿನ್ ಇರುವ ಅಂಗಡಿಗೆ ನಾಲ್ಕನ್ನೂ ತಗೊಂಡು ಹೋಗಿ, ನಿಮ್ಮ ಗಾಡಿಯ ಫ್ಯುಯೆಲ್ ಪ್ರೆಷರ್‌ನಲ್ಲೇ ಮೂವತ್ತು ಸೆಕೆಂಡ್ ಪೂರ್ತಿ ತೆರೆಸಿ. ಗಾಜಿನ ಕೊಳವೆಯಲ್ಲಿ 120 ಸಿಸಿ ನಿಂತರೆ ಅದು 240ರ ಇಂಜೆಕ್ಟರ್. ನಾಲ್ಕರಲ್ಲಿ ಒಂದು ಕಡಿಮೆ ಸುರಿದರೆ ಒಡೆಯುವ ಪಿಸ್ಟನ್ ಅದರದ್ದೇ. ಫ್ಯುಯೆಲ್ ಪ್ರೆಷರ್ ರೆಗ್ಯುಲೇಟರ್‌ಗೆ ಮ್ಯಾನಿಫೋಲ್ಡ್‌ನಿಂದ ಪೈಪ್ ಹೋಗಿದೆಯಾ ನೋಡಿ. ಇಲ್ಲದಿದ್ದರೆ 0.5 ಬಾರ್ ಬೂಸ್ಟ್‌ನಲ್ಲಿ 3 ಬಾರ್ ಒತ್ತಡ ಇಂಜೆಕ್ಟರ್ ಪಾಲಿಗೆ 2.5 ಆಗುತ್ತದೆ, ಬೀಳುವ ಪೆಟ್ರೋಲ್ 9 ಪರ್ಸೆಂಟ್ ಕಡಿಮೆಯಾಗುತ್ತದೆ. ಜಾಸ್ತಿ ಬೇಕಾದ ಹೊತ್ತಲ್ಲೇ ಕಡಿಮೆ.

ಇ20 ಬಗ್ಗೆ ಗಾಬರಿ ಬೇಡ. ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿ) ಮಟ್ಟಿಗೆ ಟರ್ಬೊಗೆ ಅದು ಒಳ್ಳೆಯದೇ. ಮೊದಲು 91 ಇದ್ದ ಸಾಮಾನ್ಯ ಪೆಟ್ರೋಲ್ ಈಗ 95ರ ಆಸುಪಾಸಿಗೆ ಬಂದಿದೆ, ಎಥನಾಲ್ ಆವಿಯಾಗುವಾಗ ಗಾಳಿಯನ್ನು ತಣ್ಣಗೂ ಮಾಡುತ್ತದೆ. ಆದರೆ ಒಂದು ಕೆಜಿ ಇ20ಗೆ ಬೇಕಾದ ಗಾಳಿ ಸುಮಾರು 13.5 ಕೆಜಿ, ಬರೀ ಪೆಟ್ರೋಲ್‌ಗೆ 14.7. ಹಾಗಾಗಿ ಮೀಟರ್‌ನಲ್ಲಿ ಏರ್-ಫ್ಯುಯೆಲ್ ನಂಬರ್ ಬಿಟ್ಟು ಲ್ಯಾಂಬ್ಡಾ ನೋಡಿ. ಯಾವ ಪೆಟ್ರೋಲ್ ಆದರೂ ಗಾಳಿ ಸರಿಸಮ ಇದ್ದರೆ ಲ್ಯಾಂಬ್ಡಾ 1, ಪೆಟ್ರೋಲ್ ಜಾಸ್ತಿಯಾದರೆ 1ಕ್ಕಿಂತ ಕಡಿಮೆ. ಲ್ಯಾಂಬ್ಡಾವನ್ನು ಸರಿಯಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಇಲ್ಲದೆ ಬೂಸ್ಟ್ ಮುಟ್ಟಲೇಬೇಡಿ. ಗಾಡಿಯಲ್ಲಿ ಮೊದಲೇ ಇದ್ದ ಆಕ್ಸಿಜನ್ ಸೆನ್ಸರ್ ಈ ಕೆಲಸಕ್ಕೆ ಬರುವುದಿಲ್ಲ. ಬೂಸ್ಟ್‌ನಲ್ಲಿ ಲ್ಯಾಂಬ್ಡಾ 0.80ರಿಂದ 0.84ರ ಒಳಗೆ ಇರಲಿ. ಟೈಮಿಂಗ್, ಶುರುವಿಗೆ ಪ್ರತಿ 0.1 ಬಾರ್‌ಗೆ ಒಂದೂವರೆ ಡಿಗ್ರಿ ಹಿಂದಕ್ಕೆ. ಪ್ಲಗ್ ಒಂದು ನಂಬರ್ ತಣ್ಣಗಿನದು, ಎನ್‌ಜಿಕೆಯಲ್ಲಿ 6 ಇದ್ದರೆ 7, ಗ್ಯಾಪ್ 0.7 ಮಿಮೀ.

ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್ ಎಕ್ಸ್‌ಪಿ100 ಹಾಕಿದರೆ ಬೂಸ್ಟ್ ಏರಿಸಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಆಕ್ಟೇನ್ ಜಾಸ್ತಿ, ನಾಕಿಂಗ್ ಕಡಿಮೆ, ನಿಜ. ಆದರೆ ಅದು ದೊಡ್ಡ ಊರಿನ ಕೆಲವೇ ಬಂಕ್‌ಗಳಲ್ಲಿ ಸಿಗುತ್ತದೆ. ಉಪ್ಪಿನಂಗಡಿಯಲ್ಲಿ ರಾತ್ರಿ ಹತ್ತಕ್ಕೆ ಟ್ಯಾಂಕ್ ಖಾಲಿಯಾದರೆ ಸಿಕ್ಕಿದ್ದನ್ನು ಹಾಕಲೇಬೇಕು. ನಿಮಗೆ ಸಿಗಬಹುದಾದ ಅತಿ ಸಾಧಾರಣ ಪೆಟ್ರೋಲ್‌ಗೆ ಟ್ಯೂನ್ ಮಾಡಿ. ಬಾಟಲಿಯಲ್ಲಿ ಬರುವ ಆಕ್ಟೇನ್ ಬೂಸ್ಟರ್ ನಂಬಿ ಟೈಮಿಂಗ್ ಮುಂದಕ್ಕೆ ತಳ್ಳಬೇಡಿ.

ಇನ್ನೊಂದು ಮಾತು, ಇದು ಎಂಜಿನ್‌ಗಿಂತ ಮುಖ್ಯ. 2003ರ ಗಾಡಿಯ ಪೆಟ್ರೋಲ್ ಪೈಪ್‌ಗಳು ಇ20ಗೆ ಅಂತ ಮಾಡಿದ್ದಲ್ಲ, ವಯಸ್ಸೂ ಆಗಿದೆ. ಅವು ಬಿರುಕು ಬಿಟ್ಟು ತೊಟ್ಟಿಕ್ಕಿದರೆ ಕೆಳಗೆ ಕೆಂಪಗೆ ಕಾದ ಟರ್ಬೈನ್ ಇರುತ್ತದೆ. ಟರ್ಬೊದ ಆಯಿಲ್ ಪೈಪ್‌ಗೂ ಇದೇ ಮಾತು. ಎಥನಾಲ್ ತಡೆಯುವ ಹೊಸ ಪೈಪ್, ಒಳ್ಳೆ ಕ್ಲ್ಯಾಂಪ್, ಟರ್ಬೈನ್‌ಗೆ ಹೀಟ್ ಶೀಲ್ಡ್, ಕಾರಿನೊಳಗೆ ಕೈಗೆ ಸಿಗುವಲ್ಲಿ ಫೈರ್ ಎಕ್ಸ್‌ಟಿಂಗ್ವಿಷರ್. ಮನೆಯವರನ್ನು ಕೂರಿಸುವ ಮೊದಲು ಇವು ಆಗಿರಲೇಬೇಕು, ದಯವಿಟ್ಟು.

ಎರಡು ಗ್ಯಾಸ್ಕೆಟ್, ಫೋರ್ಜ್ಡ್ ಪಿಸ್ಟನ್

ಎರಡು ಹೆಡ್ ಗ್ಯಾಸ್ಕೆಟ್ ಹಾಕುವುದು ಹಳೇ ಉಪಾಯ. ಲೆಕ್ಕ ಹೀಗಿದೆ. ನಿಮ್ಮ ಬೋರ್ 74 ಮಿಮೀ, ಸ್ಟ್ರೋಕ್ 75.5. ಹೆಡ್ ಒಂದು ಮಿಲಿಮೀಟರ್ ಮೇಲೆ ಹೋದರೆ ಪ್ರತಿ ಸಿಲಿಂಡರ್‌ಗೆ 4.3 ಸಿಸಿ ಜಾಗ ಸೇರಿ, ಕಂಪ್ರೆಷನ್ 9.5ರಿಂದ ಸುಮಾರು 8.6ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಪಿಸ್ಟನ್ ಮೇಲೆ ಬಂದಾಗ ಅಂಚಿನ ಮಿಶ್ರಣವನ್ನು ಮಧ್ಯಕ್ಕೆ ಹಿಂಡಿ ತಳ್ಳುವ ಕಿರಿದಾದ ಸಂದು ಹೆಡ್‌ನಲ್ಲಿ ಇರುತ್ತದೆ. ಅದು ಅಗಲವಾದರೆ ಅಂಚಿನಲ್ಲಿ ಮಿಶ್ರಣ ನಿಂತುಬಿಡುತ್ತದೆ, ನಾಕಿಂಗ್ ಶುರುವಾಗುವುದೂ ಅಲ್ಲೇ. ಕಂಪ್ರೆಷನ್ ಇಳಿಸಿ ಗಳಿಸಿದ್ದರಲ್ಲಿ ಒಂದು ಪಾಲು ಹೀಗೆ ಹೋಗುತ್ತದೆ. ಒಂದರ ಮೇಲೊಂದು ಕೂತ ಎರಡು ಗ್ಯಾಸ್ಕೆಟ್ ಬೂಸ್ಟ್‌ನಲ್ಲಿ ಲೀಕ್ ಆಗುವುದೂ ಹೊಸದೇನಲ್ಲ. 0.4 ಬಾರ್‌ಗೆ ಇದರ ಅಗತ್ಯವೇ ಇಲ್ಲ. ಕಂಪ್ರೆಷನ್ ಇಳಿಸಲೇಬೇಕಾದರೆ ತಲೆಯಲ್ಲಿ ಗುಂಡಿ ಇರುವ ಪಿಸ್ಟನ್ ಹಾಕಿ ಇಳಿಸಬೇಕು.

ಫೋರ್ಜ್ಡ್ ಪಿಸ್ಟನ್ ನಾಕಿಂಗ್ ಅನ್ನು ತಡೆಯುವುದಿಲ್ಲ, ಸ್ವಲ್ಪ ಹೊತ್ತು ಜಾಸ್ತಿ ಸಹಿಸುತ್ತದೆ. ಟ್ಯೂನ್ ಕೆಟ್ಟಿದ್ದರೆ ಅದೂ ಒಡೆಯುತ್ತದೆ, ಅಥವಾ ಅದು ಉಳಿದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. 0.5 ಬಾರ್‌ವರೆಗೆ ಆ ದುಡ್ಡನ್ನು ವೈಡ್‌ಬ್ಯಾಂಡ್, ಸರಿಯಾದ ಟರ್ಬೊ, ಇಂಜೆಕ್ಟರ್, ಒಂದು ದಿನದ ಡೈನೊ ಬಾಡಿಗೆಗೆ ಹಾಕಿ. 0.8 ಬಾರ್ ಕನಸು ಇದ್ದರೆ ಪಿಸ್ಟನ್, ರಾಡ್, ಕ್ಲಚ್, ಬ್ರೇಕ್ ಎಲ್ಲ ಒಟ್ಟಿಗೆ ಯೋಚಿಸಬೇಕು. ಗೇರ್‌ಬಾಕ್ಸ್ ಕೂಡ ಅಷ್ಟು ಟಾರ್ಕ್‌ಗೆ ಮಾಡಿದ್ದಲ್ಲ. ನಡುವೆ ಎಲ್ಲೋ ಅರ್ಧಕ್ಕೆ ನಿಲ್ಲುವ ದಾರಿ ದುಬಾರಿ.

ಬೇರೆ ಕಾರಣಕ್ಕೆ ಎಂಜಿನ್ ಬಿಚ್ಚುವ ಪ್ರಸಂಗ ಬಂದರೆ ಮಾತ್ರ ಒಂದು ಕೆಲಸ ಮಾಡಿಸಿಕೊಳ್ಳಿ. ಮೇಲಿನ ರಿಂಗ್‌ನ ತುದಿಗಳ ನಡುವಿನ ಗ್ಯಾಪ್ ಅನ್ನು 0.35 ಮಿಮೀ ಆಸುಪಾಸಿಗೆ ತರಿಸಿ. ಬೂಸ್ಟ್‌ನ ಕಾವಿಗೆ ರಿಂಗ್ ಹಿಗ್ಗಿ ತುದಿಗೆ ತುದಿ ತಾಗಿದರೆ, ನಾಕಿಂಗ್ ಇಲ್ಲದೆಯೂ ರಿಂಗ್ ಲ್ಯಾಂಡ್ ಒಡೆಯುತ್ತದೆ. ಬಿಚ್ಚದೇ ಇದ್ದರೆ ಕಂಪ್ರೆಷನ್ ಟೆಸ್ಟ್ ಸಾಕು. ನಾಲ್ಕು ಸಿಲಿಂಡರ್‌ಗಳ ನಡುವೆ ಚದರ ಸೆಂಟಿಮೀಟರ್‌ಗೆ ಒಂದು ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ಎಂಜಿನ್ ಟರ್ಬೊಗೆ ತಯಾರಿಲ್ಲ.

ಕಾನೂನಿನ ವಿಷಯವನ್ನೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂದಿದೆ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಕ್ಲೇಮ್ ತಳ್ಳಿಹಾಕಲು ಇದೊಂದು ಕಾರಣ ಸಾಕು. ಗಾಡಿಯನ್ನು ಟ್ರೇಲರ್‌ನಲ್ಲಿ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೋ ಒಯ್ದು ಓಡಿಸುವುದು ಬೇರೆ, ಮನೆಯವರ ಜೊತೆ ಹೈವೇಯಲ್ಲಿ ಓಡಿಸುವುದು ಬೇರೆ. ಇದನ್ನು ಮನೆಯಲ್ಲಿ ಕೂತು ಮಾತಾಡಿ ತೀರ್ಮಾನಿಸಿ. ಮಂಗಳೂರಿನ ಓಡಾಟಕ್ಕೆ ಬೇರೊಂದು ಗಾಡಿ ಇದ್ದರೆ, ಎಸ್ಟೀಮ್ ಅನ್ನು ಟ್ರ್ಯಾಕ್‌ಗೆ ಮಾತ್ರ ಇಟ್ಟುಕೊಳ್ಳುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ ಅಂತ ನನ್ನ ಅಭಿಪ್ರಾಯ.

ಈಗ ಮಾಡಬೇಕಾದ ಮೊದಲ ಕೆಲಸ ಆ ಆಕ್ಚುಯೇಟರ್ ಟೆಸ್ಟ್, ಆಮೇಲೆ ಕಂಪ್ರೆಷನ್ ಟೆಸ್ಟ್. ಸರಿಯಾದ ಟರ್ಬೊ ಕೂತ ಮೇಲೆ 0.35 ಬಾರ್‌ನಲ್ಲಿ, ಮೂರನೇ ಗೇರ್‌ನಲ್ಲಿ, 2,500ರಿಂದ 5,500ರವರೆಗೆ ಒಂದು ಪುಲ್. ಅದು ಡೈನೊ ಮೇಲೇ ಆಗಲಿ. ಲಾಗ್‌ನಲ್ಲಿ ಎಂಎಪಿ, ಲ್ಯಾಂಬ್ಡಾ, ಟೈಮಿಂಗ್, ಗಾಳಿಯ ಕಾವು, ಇಂಜೆಕ್ಟರ್ ಡ್ಯೂಟಿ (ಎಷ್ಟು ಪರ್ಸೆಂಟ್ ಹೊತ್ತು ತೆರೆದಿರುತ್ತದೆ) ಇಷ್ಟೂ ಇರಬೇಕು. ಎಂಜಿನ್ ಆಫ್ ಮಾಡಿ, ಅದೇ ಪುಲ್‌ನ ನಾಲ್ಕು ಪ್ಲಗ್ ತೆಗೆದು ಸಿಲಿಂಡರ್ ನಂಬರ್ ಬರೆದು ಸಾಲಾಗಿ ಇಟ್ಟು, ಒಂದೊಂದರ ಹತ್ತಿರದ ಫೋಟೋ ತೆಗೆಯಿರಿ. ಲಾಗ್ ಫೈಲ್ ಮತ್ತು ಫೋಟೋ ಕಳಿಸಿದರೆ 0.4ಕ್ಕೆ ಹೋಗಬಹುದಾ ಇಲ್ಲವಾ ಅಂತ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಶಿರಾಡಿ ಕಡೆ ಈ ಗಾಡಿ ತಗೊಂಡು ಹೋಗಬೇಡಿ.